ದೇಶಕಾಲಗಳನ್ನರಿಯದ ಮಾತು

ಯಾವ ಕರ್ಮವನ್ನಾರಂಭಿಸುವಾಗಲೂ ಕರ್ತನಾದವನು ತಾನಿರುವ ದೇಶವನ್ನೂ ಕಾಲವನ್ನೂ ತನ್ನ ಹೆಸರನ್ನೂ ಹೇಳಿ ಸಂಕಲ್ಪ ಮಾಡಬೇಕೆಂಬುದು ಪೂರ್ವಿಕರ ವಿಧಿ. ಆಶ್ಚರ್ಯವೇನೆಂದರೆ, ಭಾರತೀಯ ರೈಲ್ವೆಯ ಗುತ್ತಿಗೆಯ ನಿಬಂಧನೆಗಳು ಕೇಳುವುದೂ ಈ ಮೂರನ್ನೇ. ಗಾಡಿಗಳು ಓಡುತ್ತಿರುವ ಹಳಿಯ ಪಕ್ಕಕ್ಕೆ ಮಣ್ಣು ಜಲ್ಲಿಗಳ ಲಾರಿಯನ್ನು ತರಬೇಕಾದ ಕಂಟ್ರಾಕ್ಟರು ಸ್ಥಳ, ಅವಧಿ, ವೇಳೆ, ಚಾಲಕರ ಹೆಸರು ಇವನ್ನೆಲ್ಲ ಬರೆದುಕೊಟ್ಟು ಎಂಜಿನಿಯರ ಲಿಖಿತಾನುಮತಿಯನ್ನು ಪಡೆಯತಕ್ಕದ್ದು. ವಾಹನಗಳು ಹಳಿಯಿಂದ 6 ಮೀಟರು ದೂರವಿರಬೇಕು. ಅದಕ್ಕಿಂತ ಸಮೀಪದ ಕೆಲಸವು ರೈಲ್ವೆ ನೌಕರನ ಎದುರಿನಲ್ಲಿಯೇ ನಡೆಯಬೇಕು. ಹಳಿಯ ನಡುಮಧ್ಯದಿಂದ 3.5 ಮೀಟರಿನೊಳಕ್ಕೆ ವಾಹನದ ಯಾವ ಭಾಗವೂ ಬರಕೂಡದು. ಇಷ್ಟು ಎಲ್ಲ ಊರಿಗೂ ಸಮಾನ. ಇದಲ್ಲದೆ, ಆಯಾ ಸ್ಥಳಕ್ಕೆ ಬೇಕಾದ ಬೇರೆ ಷರತ್ತುಗಳನ್ನೂ ಎಂಜಿನಿಯರು ವಿಧಿಸಬಹುದು. ಧರ್ಮಸೂಕ್ಷ್ಮವಿರುವುದು ಈ ಕಡೆಯ ಮಾತಿನಲ್ಲಿ.

ಒಂದು ಸ್ಥಳಕ್ಕೆಂದು ಬರೆದ ಕೆಲಸದ ಕ್ರಮವನ್ನು ಊರಿನ ಹೆಸರು ಮಾತ್ರ ತಿದ್ದಿ ಮತ್ತೊಂದು ಸ್ಥಳಕ್ಕೆ ಒಪ್ಪಿಸಿದರೆ ಅದು ಸುಳ್ಳಾಗುವುದೆ? ವಾಕ್ಯವಾಕ್ಯವೂ ಯುಕ್ತವಾಗಿದ್ದರೂ ಸುಳ್ಳೆ?

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗಿ ಮುಗಿಯುವ ಹಾದಿಯು ನಿಲ್ದಾಣಗಳನ್ನು ಬಿಟ್ಟರೆ ಒಂಟಿಹಳಿ. ಗಾಡಿ ಬಂದಾಗ ಹಳಿಯಿಂದ ಪಕ್ಕಕ್ಕೆ ಸರಿಯಬೇಕೆಂದು ಅಲ್ಲಿ ಬರೆದರೆ, ಎಡಕ್ಕೆ ಸರಿದವನೂ ಬದುಕುವನು, ಬಲಕ್ಕೆ ಸರಿದವನೂ ಬದುಕುವನು. ಅದೇ ಮಾತನ್ನು ಮದ್ದೂರು ಮಂಡ್ಯಗಳ ನಡುವಣ ಜೋಡಿಹಳಿಗೆ ಒಯ್ದರೆ, ಒಂದು ಹಳಿಯಿಂದ ಸರಿದವನು ಎದುರುಗಾಡಿಯ ಹಳಿಯ ಮೇಲೆ ನಿಂತಾನು. ಒಂದಕ್ಷರವೂ ಬದಲಾಗಲಿಲ್ಲ, ಕಾಪಾಡಿದ ಮಾತೇ ಕೊಂದಿತು. ಗಂಟೆಗೆ 100 ಕಿಲೋಮೀಟರು ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದುವರಿಯುತ್ತದೆ. ತಿರುವಿನಲ್ಲಿ 200 ಮೀಟರು ಮಾತ್ರ ಕಾಣುವೆಡೆ ಬಾವುಟದವನು ಕೂಗಿಕೊಂಡರೆ, ಗುದ್ದಲಿ ಹಿಡಿದವನಿಗೆ ಉಳಿಯುವ ಕಾಲ ಏಳು ಸೆಕೆಂಡು. ಆ ತಿರುವನ್ನು ಕಾಣದೆ ಬರೆದವನಿಗೆ ಈ ಲೆಕ್ಕ ತಿಳಿಯುವುದೆಂತು?

ಕಂಡದ್ದನ್ನು ಕಂಡಂತೆ ನುಡಿಯುವುದು ಸತ್ಯವೆನ್ನುವರು. ಕಾಗದದ ಕೆಳಗಿನ ರುಜುವಿಗೆ, ಸ್ಥಳವನ್ನು ಕಂಡಿದ್ದೇನೆ ಎಂಬುದೇ ಅರ್ಥ. ಕಾಣದೆ ಹಾಕಿದ ರುಜುವು, ಮೇಲಿನ ಬರವಣಿಗೆಯೆಲ್ಲ ಒಳ್ಳೆಯದಾಗಿದ್ದರೂ, ಅಸತ್ಯವೇ ಸರಿ. ಬೇಲಿಗೆ ಬಣ್ಣ ಬಳಿಯುವುದಕ್ಕೂ ಇಷ್ಟು ಬರೆಯಬೇಕೆ ಎಂದು ಆಕ್ಷೇಪಿಸುವವರುಂಟು. ಬರಹ ಒಂದೇ ಪುಟವಾಗಲಿ. ಹೋಗಿ ನೋಡಿ ಬರೆದದ್ದಾಗಿರಲಿ. ಗೋದಾವರಿಯ ದಕ್ಷಿಣತೀರವೆಂದು ಹೇಳಿಕೊಂಡರೆ ಕೊಳ್ಳೇಗಾಲವೂ ಮಂಡ್ಯವೂ ಅದರಲ್ಲಿಯೇ ಅಡಗುತ್ತವೆ. ಸಂಕಲ್ಪಕ್ಕೆ ಅಷ್ಟು ಸಾಕು, ದೇವರು ವಿಳಾಸವನ್ನು ತಾನೇ ಹುಡುಕಿಕೊಂಡಾನು. ರೈಲುಗಾಡಿಗೆ ಅಷ್ಟು ದಾಕ್ಷಿಣ್ಯವಿಲ್ಲ.

ಅಪಘಾತವಾದರೆ ನಷ್ಟವೆಲ್ಲ ಕಂಟ್ರಾಕ್ಟರಿನದೆಂದು ನಿಬಂಧನೆ ಹೇಳುತ್ತದೆ. ಹಣದ ನಷ್ಟಕ್ಕೆ ಅದು ಸರಿ. ಕಾಲು ಹೋಗುವುದು ಮಾತ್ರ ಕೂಲಿಯವನದು. ಹನೂರಿನ ಬೆಟ್ಟದ ಸೀಮೆಯಿಂದ ದುಡಿಯಹೋದವನೊಬ್ಬನ ಮುಂದೆ ಇಂಗ್ಲಿಷಿನ ಕಾಗದವನ್ನಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅವನಿಗೆ ಅಪಾಯ ತಿಳಿಸಿದಂತಾಯಿತೆ? ಅವನ ಪ್ರಾಣಕ್ಕಾಗಿ ಬರೆದದ್ದು ಅವನಿಗೇ ತಿಳಿಯದಿದ್ದರೆ, ಅದು ಬರೆಯಿಸಿದವರ ರಕ್ಷಣೆಗೆ ಬರೆದದ್ದಾಯಿತು. ಆ ಕಾಗದವನ್ನು ಬೆಳಗ್ಗೆ ಹಳಿಯ ಬಳಿಯಲ್ಲಿಯೇ, ಕನ್ನಡವೋ ತಮಿಳೋ ಅವನಾಡುವ ನುಡಿಯಲ್ಲಿ ಓದಿ ಹೇಳಿ, ಗಾಡಿ ಬಂದರೆ ಯಾವ ಕಡೆಗೆ ಸರಿಯುವೆಯೆಂದು ಅವನನ್ನೇ ಕೇಳಿ, ಅವನು ಕೈಮಾಡಿ ತೋರಿಸಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನ್ಯಾಯ.

ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೇಲೆ ಚಾಮರಾಜನಗರಕ್ಕೆ 1996–97ರಲ್ಲಿ ಮಂಜೂರಾದ 142 ಕಿಲೋಮೀಟರಿನ ಹಾದಿಗೆ ಕೊಳ್ಳೇಗಾಲದಲ್ಲಿ ಇನ್ನೂ ಹಳಿ ಬಿದ್ದಿಲ್ಲ. ಬಿದ್ದ ಮೇಲೆ ದುರಸ್ತಿಯೂ ಬರುವುದು, ಕಂಟ್ರಾಕ್ಟರೂ ಬರುವನು. ಯಳಂದೂರಿನ ಬಯಲಿನಲ್ಲಿ ಕಬ್ಬು ಆಳೆತ್ತರ ನಿಂತ ತಿಂಗಳಲ್ಲಿ ಬಾವುಟದವನಿಗೆ ಕಾಣುವ ದೂರವೊಂದು, ಕಟಾವಾದ ಮೇಲೆ ಕಾಣುವ ದೂರವೊಂದು. ಆಗ ಸ್ಥಳದ ಹೆಸರನ್ನು ತಿದ್ದಬೇಕಾಗಿಲ್ಲದಿದ್ದರೂ ಕಾಗದವನ್ನು ಹೊಸದಾಗಿಯೇ ಬರೆಯಬೇಕಾದೀತು.