ಗೋಪುರವೂ ಹೊಸ್ತಿಲೂ

ಸರ್ವಾಂತರ್ಯಾಮಿಯಾದ ಭಗವಂತನಿಗೆ ಎತ್ತರದ ಗುರುತೇಕೆ? ಗೋಪುರವು ದೇವರಿಗಾಗಿ ಎದ್ದುದಲ್ಲ. ದೂರದಲ್ಲಿರುವ ಮಾನವನಿಗಾಗಿ ಎದ್ದುದು. ಜಹೀರಾಬಾದ್, ನಾರಾಯಣಖೇಡ ಸೀಮೆಗಳಿಂದ ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಹೊರಟ ಯಾತ್ರಿಕನು ಶಿಖರ ಕಂಡೊಡನೆ ನಿಂತು ಕೈಮುಗಿಯುತ್ತಾನೆ. ಅವನಿಗೆ ಅದೇ ಪ್ರಥಮ ದರ್ಶನ.

ಎತ್ತರಕ್ಕೆ ಎಲ್ಲೆಡೆಯೂ ಒಂದೇ ಅರ್ಥವಿಲ್ಲ. ಬೀದರಿನಲ್ಲಿ 71 ಅಡಿಯ ಚೌಬಾರವು ಊರ ಕಾವಲಿಗಾಗಿ ನಿಂತಿತು. ತಂಜಾವೂರಿನಲ್ಲಿ ರಾಜರಾಜ ಚೋಳನು 1010ರ ವೇಳೆಗೆ ಗರ್ಭಗುಡಿಯ ಮೇಲೆಯೇ ಸುಮಾರು 200 ಅಡಿಯ ವಿಮಾನವನ್ನೆತ್ತಿಸಿದನು. ವಿಜಯನಗರದ ಕಾಲಕ್ಕೆ ಆ ಔನ್ನತ್ಯವು ಬಾಗಿಲಿಗೆ ಸರಿಯಿತು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಹೊರಗೋಪುರವೇ ಎಲ್ಲಕ್ಕಿಂತ ಎತ್ತರ. 1510ರಲ್ಲಿ ಕೃಷ್ಣದೇವರಾಯನು ಕಟ್ಟಿಸಿದ ಒಳಗೋಪುರವು ಅದಕ್ಕಿಂತ ಕಿರಿದು. ಒಳಗೊಳಗೆ ನಡೆದಂತೆ ಮಾಡು ತಗ್ಗುತ್ತದೆ, ಬೆಳಕು ಕುಗ್ಗುತ್ತದೆ, ಕಡೆಗೆ ಉಳಿಯುವುದು ನಂದಾದೀಪವೊಂದೇ. ದೇವರಿಗೆ ಹತ್ತಿರವಾದಂತೆಲ್ಲ ತಲೆ ಬಾಗಲೇಬೇಕೆಂಬುದು ಆ ಶಿಲ್ಪದ ಉಪದೇಶ.

ಆದರೆ ಗೋಪುರವನ್ನು ಕಂಡವರೆಲ್ಲರೂ ಹೊಸ್ತಿಲನ್ನು ದಾಟಲಿಲ್ಲ. ಎಷ್ಟೋ ಶತಮಾನಗಳ ಕಾಲ ಹಲವರಿಗೆ ಶಿಖರದರ್ಶನವೇ ಮೊದಲೂ ಕೊನೆಯೂ ಆಗಿತ್ತು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಮನಸ್ಸಿನ ಅಗುಳಿಯನ್ನು ಮಾತ್ರ ಮಾನವನೇ ತೆಗೆಯಬೇಕು. ಎಲ್ಲರನ್ನೂ ಕರೆಯುವ ಗೋಪುರದ ಕೆಳಗೆ ಕೆಲವರನ್ನು ತಡೆಯುವ ಬಾಗಿಲಿದ್ದರೆ ಆ ಎತ್ತರವು ಸುಳ್ಳಾಗುತ್ತದೆ.

ಜೀರ್ಣೋದ್ಧಾರದ ಕಾಲದಲ್ಲಿ ಕಲಶವನ್ನು ಕೊಡಿಸಲು ದಾನಿಗಳು ಮುಂದಾಗುವುದು ಸಹಜ. ಅಂಗಳಕ್ಕೆ ಹಾಸುವ ತಾಂಡೂರಿನ ಬಂಡೆಯ ಮೇಲೆ ಯಾರ ಹೆಸರೂ ನಿಲ್ಲದು. ಸಾವಿರ ಪಾದಗಳು ಅದನ್ನು ಸವೆಸುತ್ತವೆ. ಆ ಪಾದಗಳಲ್ಲಿ ಭೇದವೆಣಿಸದೆ ಎಲ್ಲವನ್ನೂ ಹೊರುವ ಹಾಸುಗಲ್ಲಿನಿಂದಲೇ ಕಲಶಕ್ಕೆ ಶೋಭೆ.