ಪಥ್ಯವು ವ್ರತವಾಗಬಲ್ಲದೆ?

ತ್ಯಾಗ ಮಾಡಿದವರನ್ನು ಗೌರವಿಸುವುದು ನಮ್ಮ ಶ್ರಾವಕಕುಲಕ್ಕೆ ಹುಟ್ಟುಗುಣ. ಒಬ್ಬರು ರಾತ್ರಿಭೋಜನ ಬಿಟ್ಟಿದ್ದಾರೆ ಎಂದು ತಿಳಿದರೆ ಸೂರ್ಯಾಸ್ತವಾದ ಮೇಲೆ ಅವರ ಮುಂದೆ ಎಲೆ ಹಾಕುವ ಸಾಹಸವನ್ನು ಯಾರೂ ಮಾಡರು. ಕಂದಮೂಲ ಬಿಟ್ಟವರಿಗೆ 'ಒಂದು ಹೋಳು ಬಟಾಟೆ ತಿಂದರೆ ಏನಾದೀತು?' ಎಂದು ಕೇಳುವವರೂ ಇಲ್ಲ. ಆದರೆ ರೋಗದ ಕಾರಣದಿಂದ ಒಂದು ಧಾನ್ಯವನ್ನೇ ಜೀವನಪೂರ್ತಿ ಬಿಡಬೇಕಾಗಿ ಬಂದವರಿಗೆ ನಾವು ಅದೇ ಗೌರವವನ್ನು ಕೊಡುತ್ತೇವೆಯೆ? ಅವರ ಪಥ್ಯವು ವ್ರತವೆನಿಸಬಲ್ಲದೆ? ಅವರ ಜೊತೆಗೆ ಬಾಳುವವರ ಕರ್ತವ್ಯವೇನು? ಈ ಪ್ರಶ್ನೆಗಳು ನನಗೆ ಗ್ರಂಥದಿಂದ ಎದುರಾದವಲ್ಲ, ನನ್ನ ಮನೆಯ ಒಲೆಯ ಮುಂದೆ ಎದುರಾದವು.

ನಮ್ಮದು ಅರಭಾವಿಯ ಸೀಮೆ, ಘಟಪ್ರಭೆಯ ನೀರುಂಡ ಮಣ್ಣು. ನನ್ನ ಧರ್ಮಪತ್ನಿ ಬಹುಕಾಲದಿಂದ ನಿಶ್ಶಕ್ತಿಯಿಂದ ಬಳಲುತ್ತಿದ್ದರು. ಹೊಟ್ಟೆಯುಬ್ಬರ, ಆಗಾಗ ಭೇದಿ, ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಏರದ ರಕ್ತ. ಬಂಧುಗಳೆಲ್ಲರೂ 'ಉಪವಾಸ ಹೆಚ್ಚಾಯಿತು' ಎಂದರು. ನಾನೂ ಹಾಗೆಯೇ ಎಣಿಸಿದೆ. ವಿಚಿತ್ರವೆಂದರೆ ಒಂದು ಭಾದ್ರಪದದಲ್ಲಿ ಅವರು ಅನ್ನ ಮತ್ತು ಹೆಸರುಬೇಳೆಯನ್ನಷ್ಟೇ ಸ್ವೀಕರಿಸುವ ನಿಯಮ ಹಿಡಿದಾಗ ಅವರ ಮುಖದಲ್ಲಿ ಕಳೆ ಮೂಡಿತು. ಅದನ್ನು ದಶಲಕ್ಷಣ ಪರ್ವದ ಪುಣ್ಯವೆಂದು ಸಂತೋಷಪಟ್ಟೆವು. ಪಾರಣೆಯಾಗಿ, ಗೋಧಿ ಹುಗ್ಗಿ ಹೋಳಿಗೆಗಳ ಊಟಗಳು ಮೊದಲಾದ ಮೇಲೆ ಅವರು ಮತ್ತೆ ಹಾಸಿಗೆ ಹಿಡಿದರು. ಕಣ್ಣೆದುರಿಗಿದ್ದ ಕಾರಣವನ್ನು ನಾವು ಕಾಣಲಿಲ್ಲ. ನಾನು ನಿವೃತ್ತನಾದ ಮರುವರ್ಷ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಬಾಯಿಯ ಮೂಲಕ ನಳಿಗೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿ, ಇದು ಸೀಲಿಯಾಕ್ ರೋಗವೆಂದು ನಿರ್ಣಯಿಸಿದರು.

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಅಂಟು ಎಂದೇ ಅರ್ಥ. ಕಣಕವನ್ನು ಜಿಗುಟಾಗಿಸುವುದು ಅದೇ. ಈ ರೋಗವುಳ್ಳವರಲ್ಲಿ ಆ ಅಂಟು ಒಳಹೊಕ್ಕರೆ ದೇಹದ ರಕ್ಷಣಾಶಕ್ತಿಯೇ ಸಣ್ಣ ಕರುಳಿನ ಒಳಮೈಯನ್ನು ಸವೆಸುತ್ತದೆ. ಉಂಡ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ಇದಕ್ಕೂ ಗೋಧಿಗೂ ಇರುವ ಸಂಬಂಧವನ್ನು ಸ್ಥಾಪಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್. 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಕ್ಷಾಮ ಬಂದು ರೊಟ್ಟಿಯೇ ಸಿಗದಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ರೊಟ್ಟಿ ಮರಳಿದಾಗ ಮತ್ತೆ ಬಿದ್ದರು. 1950ರಲ್ಲಿ ಅವರು ತಮ್ಮ ಪ್ರಬಂಧವನ್ನು ಮಂಡಿಸಿದರು. ಅದನ್ನು ಓದಿದಾಗ ನಮ್ಮ ಮನೆಯ ಆ ಭಾದ್ರಪದವು ನೆನಪಾಗಿ ನಾನು ತಲೆತಗ್ಗಿಸಿದೆ. ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಉತ್ತರ ಭಾರತದಲ್ಲಿ 100ಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಿಗೂ, ದಕ್ಷಿಣದಲ್ಲಿ ಸುಮಾರು 1000ಕ್ಕೆ ಒಬ್ಬರಿಗೂ ಈ ರೋಗವಿದೆ. ವಿರಳವಾದುದರಿಂದಲೇ ನಮ್ಮ ಕಡೆ ಇದರ ಗುರುತು ಸಿಗುವುದು ತಡವಾಗುತ್ತದೆ. ಇದಕ್ಕೆ ಔಷಧವಿಲ್ಲ, ಆ ಧಾನ್ಯಗಳನ್ನು ಆಜೀವ ಬಿಡುವುದೊಂದೇ ಚಿಕಿತ್ಸೆ.

ವೈದ್ಯರಲ್ಲಿಂದ ಮರಳಿದ ಸಂಜೆ ನಾನು ಪಾಠ ಹೇಳುವ ಹಳೆಯ ಅಭ್ಯಾಸದಂತೆ, 'ಚಿಂತೆ ಬೇಡ, ಇದನ್ನೂ ಒಂದು ವ್ರತವೆಂದು ತಿಳಿದರಾಯಿತು' ಎಂದೆ. ಅವರು ಬಹುಹೊತ್ತು ಸುಮ್ಮನಿದ್ದು ಹೇಳಿದರು: "ವ್ರತ ಅಂದ್ರ ನಾನಾಗೇ ತಗೊಂಡದ್ದು ಇರಬೇಕ್ರಿ. ಇದನ್ನ ನಾ ತಗೊಂಡಿಲ್ಲ, ಇದು ನನ್ನ ಮ್ಯಾಲ ಬಂದೈತಿ."

ನಾನು ನಿರುತ್ತರನಾದೆ. ಶಾಸ್ತ್ರದೃಷ್ಟಿಯಿಂದಲೂ ಅವರ ಮಾತೇ ಸರಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿರೂಪಿಸುವಾಗ ಒಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ದೇಹಕ್ಕೆ ಒಗ್ಗದ ಅನಿಷ್ಟ ವಸ್ತುವನ್ನೂ, ಸೇವಿಸಲು ತಕ್ಕುದಲ್ಲದ ಅನುಪಸೇವ್ಯವನ್ನೂ ಬಿಡಬೇಕೆಂದು ಹೇಳಿ, ಯೋಗ್ಯವಾದ ವಿಷಯದಿಂದ ಸಂಕಲ್ಪಪೂರ್ವಕವಾಗಿ ವಿರಮಿಸುವುದನ್ನೇ ವ್ರತವೆಂದು ಕರೆದಿದ್ದಾರೆ. ಕಾಲಮಿತಿಯುಳ್ಳ ತ್ಯಾಗವು ನಿಯಮ, ಯಾವಜ್ಜೀವ ತ್ಯಾಗವು ಯಮ ಎಂಬ ವಿಭಾಗವೂ ಅಲ್ಲಿದೆ. ಹಾಗಾದರೆ ನನ್ನ ಪತ್ನಿಗೆ ಗೋಧಿಯು ಅನಿಷ್ಟ. ಅದನ್ನು ಬಿಡುವುದು ವಿವೇಕ. ಅದಕ್ಕೆ ಸಂಕಲ್ಪವನ್ನು ಕೂಡಿಸಿ ಅದನ್ನು ಯಮವಾಗಿ ಸ್ವೀಕರಿಸುವುದೂ ಬಿಡುವುದೂ ಅವರ ಆತ್ಮಕ್ಕೆ ಸೇರಿದ ವಿಚಾರ. ಗಂಡನಾದವನು ಹೊರಗೆ ನಿಂತು ಅದಕ್ಕೆ ವ್ರತವೆಂಬ ಹೆಸರಿಡಲಾರ. ಒಬ್ಬರ ಸಂಕಟಕ್ಕೆ ನಾವು ಇಡುವ ದೊಡ್ಡ ಹೆಸರು ಅನೇಕ ವೇಳೆ ನಮ್ಮ ಸಮಾಧಾನಕ್ಕಾಗಿಯೇ ಹೊರತು ಅವರ ಸಮಾಧಾನಕ್ಕಲ್ಲ.

ಆದರೆ ಅದೇ ವ್ಯಾಖ್ಯೆಯು ನನ್ನ ಕಡೆಗೆ ಬೆರಳು ತೋರಿಸಿತು. ಗೋಧಿಯು ಯಾರಿಗೆ ಯೋಗ್ಯವೋ ಅವನು ಬಿಟ್ಟರೆ ಅದು ವ್ರತ. ಈ ಮನೆಯಲ್ಲಿ ಅಂತಹವನು ನಾನು. ಆ ದಿನವೇ ಗೋಧಿಯನ್ನು ತ್ಯಜಿಸಿದೆನೆಂದು ಸಾರಿದೆ. ಬಂಧುಗಳ ಮನೆಯಲ್ಲಿ ಹೋಳಿಗೆ ಬಂದಾಗ 'ನಮ್ಮ ಮನೆಯವರ ಸಲುವಾಗಿ ಬಿಟ್ಟಿದ್ದೇನೆ' ಎಂದು ನಾಲ್ಕು ಜನ ಕೇಳುವಂತೆ ಹೇಳಿದೆ. ಮನೆಗೆ ಬಂದ ಮೇಲೆ ಅವರು, "ನೀವು ಹಂಗ ಅಂದ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ್ರಿ" ಎಂದಷ್ಟೇ ಹೇಳಿದರು. ಶಲ್ಯವಿಲ್ಲದವನೇ ವ್ರತಿ ಎಂದು ಎಷ್ಟೋ ಬಾರಿ ಪಾಠ ಹೇಳಿದ ನಾನು, ಮೆಚ್ಚುಗೆಯ ಆಶೆಯೆಂಬ ಮುಳ್ಳನ್ನು ಒಳಗಿಟ್ಟುಕೊಂಡೇ ತ್ಯಾಗ ಮಾಡಿದ್ದೆ. ನನ್ನ ತ್ಯಾಗವು ಅವರ ಹೆಗಲಿಗೆ ಇನ್ನೊಂದು ಹೊರೆಯಾಗಿತ್ತು. ಅಂದಿನಿಂದ ಆ ಸಾರುವಿಕೆಯನ್ನು ನಿಲ್ಲಿಸಿದೆ. ಮನೆಯೊಳಗೆ ಗೋಧಿ ಬರುವುದಿಲ್ಲ. ಏಕೆಂದರೆ ಹಿಟ್ಟಿನ ಧೂಳೂ ಅವರಿಗೆ ವಿಷ. ಹೊರಗೆ ಬಡಿಸಿದ್ದನ್ನು ಮಾತಿಲ್ಲದೆ ಉಣ್ಣುತ್ತೇನೆ. ನನ್ನ ವ್ರತವು ಈಗ ಗೋಧಿಯಲ್ಲಿಲ್ಲ, ದುಡಿಮೆಯಲ್ಲಿದೆ.

ಆ ದುಡಿಮೆಯನ್ನು ವಿವರಿಸುವುದು ಓದುಗರಿಗೆ ಉಪಯುಕ್ತವಾದೀತು. ನಮ್ಮ ನಿತ್ಯದ ಊಟಕ್ಕೆ ಜೋಳದ ರೊಟ್ಟಿಯೇ ಆಧಾರ. ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಗೋವಿನಜೋಳ, ಬೇಳೆಕಾಳುಗಳಲ್ಲಿ ಈ ಅಂಟಿಲ್ಲ. ಆದರೆ ಊರ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿದರೆ ಆ ಹಿಟ್ಟು ಕೆಟ್ಟಂತೆಯೇ. ಆದುದರಿಂದ ಮನೆಯಲ್ಲಿಯೇ ಚಿಕ್ಕ ಗಿರಣಿಯನ್ನಿಟ್ಟು ನಾನೇ ಬೀಸುತ್ತೇನೆ. ಅಂಗಡಿಯ ಪುಡಿ ಹಿಂಗಿನಲ್ಲಿ ಗೋಧಿಹಿಟ್ಟು ಅಥವಾ ಮೈದಾ ಬೆರೆತಿರುವುದುಂಟು. ಚೀಟಿಯನ್ನು ಓದಿಯೇ ಕೊಳ್ಳಬೇಕು. 'ಖಪ್ಲಿ ಹಳೆಯ ತಳಿ, ಅದಾಗುತ್ತದೆ' ಎಂಬ ಮಾತನ್ನು ನಂಬಬಾರದು; ಅದೂ ಗೋಧಿಯೇ. ರವೆ, ಶಾವಿಗೆ, ಸಜ್ಜಕಗಳೂ ಹಾಗೆಯೇ. ಪೇಟೆಯಲ್ಲಿ ದೊರೆಯುವ ಗ್ಲುಟೆನ್‌ರಹಿತ ಹಿಟ್ಟುಗಳಲ್ಲಿ ಎಷ್ಟೋ ವೇಳೆ ಬಟಾಟೆಯ ಅಥವಾ ಮರಗೆಣಸಿನ ಪಿಷ್ಟವಿರುತ್ತದೆ. ಕಂದಮೂಲ ಬಿಟ್ಟ ಮನೆಗೆ ಅವು ಸಲ್ಲವು. ಮುನಿಗಳ ಆಹಾರಕ್ಕಾಗಿ ಪಾತ್ರೆಪಡಗಗಳನ್ನು ಬೇರೆಯಿಟ್ಟು ಚೌಕವನ್ನು ಕಾಪಾಡುವ ನಮಗೆ, ಹಿಟ್ಟಿನ ಮರ್ಯಾದೆಯನ್ನು ಮಳೆಗಾಲಕ್ಕೆ 3, ಬೇಸಿಗೆಗೆ 5, ಚಳಿಗಾಲಕ್ಕೆ 7 ದಿನವೆಂದು ಎಣಿಸುವ ನಮಗೆ, ಒಂದು ಹಂಚು, ಒಂದು ಪರಾತ, ಒಂದು ಲಟ್ಟಣಿಗೆಯನ್ನು ರೋಗಿಗಾಗಿ ಬೇರೆಯಿಡುವುದು ಅಸಾಧ್ಯವೆ? ಆ ಶಿಸ್ತು ನಮ್ಮಲ್ಲಿ ಮೊದಲೇ ಇದೆ. ಅದನ್ನು ಒಂದು ಹೆಜ್ಜೆ ಮುಂದೆ ಚಾಚಬೇಕು ಅಷ್ಟೆ.

ನಿಜವಾದ ಕಷ್ಟ ಹಬ್ಬದಲ್ಲಿದೆ. ನಮ್ಮ ಬಾಲ್ಯದಲ್ಲಿ ಜೋಳವು ದಿನದ ಅನ್ನ, ಗೋಧಿಯು ಸಂಭ್ರಮದ ಅನ್ನ. ಆದುದರಿಂದ ಗೋಧಿ ಬಿಟ್ಟವರು ಹಸಿವಿನಿಂದ ಬಳಲರು, ಪಂಕ್ತಿಯಿಂದ ಹೊರಗುಳಿದೆವೆಂದು ಬಳಲುತ್ತಾರೆ. ಅಲ್ಲಿ ಪ್ರೀತಿಯ ಒತ್ತಾಯವೂ ಹಿಂಸೆಯೇ ಆಗುತ್ತದೆ. ಹಿಂಸೆಗೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿವೆ. 'ಒಂದು ತುತ್ತು' ಎಂದು ಬಡಿಸುವವರೂ, ಅದನ್ನು ಕಂಡು ಸುಮ್ಮನಿರುವ ಗಂಡನೂ ಅದರಲ್ಲಿ ಪಾಲುಗಾರರು.

ಕಳೆದ ವರ್ಷದ ಒಂದು ಮದುವೆಯಲ್ಲಿ ನಾನು ಕಾಣದಿದ್ದಾಗ ಅವರು ಅರ್ಧ ಹೋಳಿಗೆ ತಿಂದರು. ಮೂರು ದಿನ ನರಳಿದರು. ನನ್ನ ನಾಲಿಗೆಯ ತುದಿಗೆ ಕಟುಮಾತು ಬಂದಿತ್ತು. ಆಗ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರು ನೆನಪಾದವು. ಜಾರಿದುದನ್ನು ಸಾರದೆ ಮುಚ್ಚುವುದು ಉಪಗೂಹನ. ಜಾರಿದವರನ್ನು ಮರಳಿ ನಿಲ್ಲಿಸುವುದು ಸ್ಥಿತೀಕರಣ. ಸಹಧರ್ಮಿಗಳಲ್ಲಿ ಕಪಟವಿಲ್ಲದ ಪ್ರೀತಿಯು ವಾತ್ಸಲ್ಯ. ಸಹಧರ್ಮಿಣಿಗಿಂತ ಸಮೀಪದ ಸಹಧರ್ಮಿ ಯಾರು? ನಾನು ಗಂಜಿ ಕಾಯಿಸಿ ಕೊಟ್ಟು ಸುಮ್ಮನೆ ಬಳಿಯಲ್ಲಿ ಕುಳಿತೆ. ವೈಯಾವೃತ್ಯವನ್ನು ಆಗಮವು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಅಲ್ಲಿ ಮುಖ್ಯವಾಗಿ ಮುನಿಸಂಘದ ಸೇವೆಯನ್ನು ಹೇಳಿದ್ದರೂ, ಅದರ ಮೊದಲ ಪಾಠವನ್ನು ಗೃಹಸ್ಥನು ಮನೆಯಲ್ಲಿಯೇ ಕಲಿಯಬೇಕಷ್ಟೆ.

ಉಪವಾಸದ ವಿಷಯದಲ್ಲಿಯೂ ಒಂದು ಮಾತು. ನಿಶ್ಶಕ್ತರು ವೈದ್ಯರನ್ನು ಕೇಳಿಯೇ ಉಪವಾಸ ಹಿಡಿಯಬೇಕು. ಸ್ವತಃ ಸಮಂತಭದ್ರರಿಗೆ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ಒಪ್ಪದೆ, ಮೊದಲು ರೋಗವನ್ನು ಶಮನಗೊಳಿಸಿ ಆಮೇಲೆ ಮತ್ತೆ ದೀಕ್ಷೆ ಹೊಂದೆಂದು ಕಳಿಸಿದರೆಂದೂ ಕಥಾಗ್ರಂಥಗಳು ಹೇಳುತ್ತವೆ. ದೇಹವು ಧರ್ಮಸಾಧನವಾಗಿರುವವರೆಗೆ ಅದನ್ನು ಉಪೇಕ್ಷಿಸುವುದು ತಪಸ್ಸಲ್ಲ. ಇನ್ನು ಯಾರಿಗಾದರೂ ಈ ರೋಗದ ಸಂದೇಹ ಬಂದರೆ, ಪರೀಕ್ಷೆಗೆ ಮುಂಚೆ ಗೋಧಿಯನ್ನು ಬಿಡಬಾರದು. ಬಿಟ್ಟರೆ ಪರೀಕ್ಷೆಯ ಫಲವೇ ತಪ್ಪಬಹುದು. ರೋಗ ನಿಶ್ಚಿತವಾದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸುವುದು ಒಳ್ಳೆಯದು. ಇದು ರಕ್ತಸಂಬಂಧದಲ್ಲಿ ಬರುವುದುಂಟು.

ಪಥ್ಯವು ವ್ರತವಾಗಬಲ್ಲದೆ? ಆಗಬಹುದು, ಆದರೆ ಅದನ್ನು ಹೇಳುವ ಅಧಿಕಾರ ಪಥ್ಯ ಹಿಡಿದವರದು. ಅದು ವ್ರತವಾಗದಿದ್ದರೂ ವ್ರತಕ್ಕೆ ಸಲ್ಲುವ ಮರ್ಯಾದೆಯನ್ನು ಅದಕ್ಕೆ ಸಲ್ಲಿಸುವುದು ಉಳಿದವರ ಧರ್ಮ. ಹೋದ ಅನಂತ ಚತುರ್ದಶಿಯ ಮರುದಿನ ಪಾರಣೆಗೆ ನಮ್ಮ ಮನೆಯಲ್ಲಿ ನವಣೆಯ ಹುಗ್ಗಿಯಾಗಿತ್ತು. ಬಂದ ಬೀಗರೆಲ್ಲರೂ ಅದನ್ನೇ ಉಂಡರು. ಅವರು ಎಲೆಯ ಮುಂದೆ ಕುಳಿತು, "ಈ ವರ್ಷ ನಾನೂ ಪಂಕ್ತ್ಯಾಗ ಕುಂತೇನ್ರಿ" ಎಂದರು. ಅಂತಹ ಒಂದು ಎಲೆಯು ಪ್ರತಿಯೊಬ್ಬ ರೋಗಿಗೂ ನಮ್ಮ ಮನೆಗಳಲ್ಲಿ ದೊರೆಯಲಿ ಎಂದು ಶ್ರಾವಕ ಶ್ರಾವಿಕೆಯರಲ್ಲಿ ನನ್ನ ವಿನಮ್ರ ಅರಿಕೆ.