ಎದ್ದು ಕಾಣುವ ಧರ್ಮಸಂಕಟ

ರಸ್ತೆ ಕೆಲಸಗಾರರ ಉಡುಪಿಗೆ ಐಎಸ್‌ಒ 20471 ಮಾನದಂಡವಿದೆ. ಅದರ ಅತ್ಯುನ್ನತವಾದ ಮೂರನೇ ದರ್ಜೆಗೆ ಕನಿಷ್ಠ 0.80 ಚದರ ಮೀಟರ್ ಢಾಳು ಬಟ್ಟೆ, 0.20 ಚದರ ಮೀಟರ್ ಪ್ರತಿಫಲಕ ಪಟ್ಟಿ ಬೇಕು. ಪಟ್ಟಿಯೊಳಗಿನ ಗಾಜಿನ ಮಣಿಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುತ್ತವೆ. ಪಕ್ಕದಲ್ಲಿ ನಿಂತವನಿಗೆ ಅದು ಬರೀ ಬೂದು ಪಟ್ಟಿ.

ಎದ್ದು ಕಾಣುವುದೇ ತಪ್ಪೆನಿಸಿದರೆ?

ಅಮೆರಿಕದ ಮಿನ್ನೆಸೋಟದಲ್ಲಿ ಸರಳ ಬದುಕಿನ ಕ್ರೈಸ್ತ ಪಂಗಡವಾದ ಅಮಿಷ್‌ನ ಕೆಲವರು, ನಿಧಾನ ವಾಹನವೆಂದು ಸೂಚಿಸಲು ಕಾನೂನು ಕೇಳಿದ ಕಿತ್ತಳೆ ತ್ರಿಕೋನವನ್ನು ಕುದುರೆಗಾಡಿಗೆ ಹಚ್ಚಲೊಪ್ಪಲಿಲ್ಲ. ಬಣ್ಣ ಆಡಂಬರದ್ದು, ಮೇಲಾಗಿ ದೇವರನ್ನು ಬಿಟ್ಟು ಲೌಕಿಕ ಚಿಹ್ನೆಯನ್ನು ನಂಬಿದಂತೆ. 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು: ಬೆಳ್ಳಿಬಣ್ಣದ ಪಟ್ಟಿ, ಕೆಂಪು ಲಾಂದ್ರ ಸಾಕು.

ನ್ಯಾಯವಾದ ತೀರ್ಪೇ. ಆದರೆ ಡಾಂಬರು ಹಾಕುವ ಕೂಲಿಗೆ ಇಂಥ ಆಯ್ಕೆ ಎಲ್ಲಿದೆ? ಕೊಟ್ಟದ್ದನ್ನು ತೊಡಬೇಕು, ಬಣ್ಣ ಮಾಸಿದ್ದರೂ. ಉಡುಪು ಎಷ್ಟು ಒಗೆತ ತಾಳುತ್ತದೆಂಬ ಲೆಕ್ಕ ಇಡಬೇಕಾದವನು ಗುತ್ತಿಗೆದಾರ.